ನಿಮಗಿದು ಗೊತ್ತೆ? ಕೋವಿಯ ‘12’ ಮಿಲಿಮೀಟರ್ ಅಲ್ಲ!
ಬೇಲೂರು ಸೀಮೆಯಿಂದ ಕೊಡಗಿನವರೆಗೆ, ಬೆಳೆ ಕಾಯಲು ಪರವಾನಗಿ ಪಡೆದ ಕೋವಿಗಳಲ್ಲಿ ‘12 ಬೋರ್’ ಚಿರಪರಿಚಿತ. ಆ 12 ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ, ತೂಕದ ಲೆಕ್ಕ. ಒಂದು ಪೌಂಡ್ (ಸುಮಾರು 454 ಗ್ರಾಂ) ಸೀಸದಲ್ಲಿ ಸಮಗಾತ್ರದ 12 ಗುಂಡು ಎರಕ ಹೊಯ್ದರೆ ಒಂದೊಂದರ ಅಡ್ಡಳತೆ ಎಷ್ಟೋ, ನಳಿಗೆಯ ಒಳವ್ಯಾಸವೂ ಅಷ್ಟೇ: ಸುಮಾರು 18.5 ಮಿ.ಮೀ. ಹಾಗಾಗಿ 16 ಬೋರ್ ಇದಕ್ಕಿಂತ ಸಣ್ಣದು!

ಕೋವಿಯ ಬೋರ್ ತೂಕದ ಲೆಕ್ಕವಾದರೂ, ರೈಫಲ್ ಗುಂಡನ್ನು ಅಳೆಯಲು ಬರೀ ತಕ್ಕಡಿ ಸಾಲದು. ಅಡ್ಡಳತೆಗೆ 0.01 ಮಿ.ಮೀ. ತೋರಿಸುವ ಮೈಕ್ರೋಮೀಟರ್ ಬೇಕು. ಉದ್ದಕ್ಕೆ ಕ್ಯಾಲಿಪರ್ ಸಾಕು. ಆದರೆ ಎಲ್ಲ ಗುಂಡುಗಳ ಮೂತಿಯೂ ಒಂದೇ ಸಮ ಇರುವುದಿಲ್ಲ. ಅದಕ್ಕೇ ಸ್ಪರ್ಧೆಯ ಗುರಿಕಾರರು ತುದಿಯನ್ನು ಬಿಟ್ಟು, ಬುಡದಿಂದ ಮೂತಿಯ ಬಾಗಿನವರೆಗಷ್ಟೇ ಅಳೆಯುವ ಕಂಪಾರೇಟರನ್ನು ಕ್ಯಾಲಿಪರಿಗೆ ಜೋಡಿಸುತ್ತಾರೆ.