ಎಂಜಿನ್ನಿನ ಎಣ್ಣೆ ಒತ್ತಡ: ಕೆಂಪು ದೀಪ ಹೇಳುವುದೇನು?

ಕಳೆದ ನವರಾತ್ರಿಯಲ್ಲಿ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಮಾಲತೇಶ ಸ್ವಾಮಿಯ ಕಾರ್ಣಿಕ ಕೇಳಲು ಸಂಸಾರ ಸಮೇತ ಹೋಗಿದ್ದೆ. ಹಿಂದಿರುಗುವಾಗ ಜನಜಂಗುಳಿಯಲ್ಲಿ ನನ್ನ ಹಳೆಯ ಡೀಸೆಲ್ ಜೀಪು ಗಂಟೆಗಟ್ಟಲೆ ತೆವಳಿತು. ಆಯಿಲ್ ದೀಪ ಮಿಣುಕತೊಡಗಿತು. "ದಪ್ಪ ಆಯಿಲ್ ಒಂದು ಲೀಟರ್ ಸುರಿಯೋಣ ಸಾರ್" ಎಂದ ಡ್ರೈವರು. ನಮ್ಮ ಸದಸ್ಯರಲ್ಲಿ ಹಲವರ ವೈದ್ಯವೂ ಇದೇ ಆದ್ದರಿಂದ ಈ ನಾಲ್ಕು ಮಾತು.

ಪಂಪು ಎಣ್ಣೆಯನ್ನು ತಳ್ಳುತ್ತದೆ, ಅಷ್ಟೆ. ಹಾಗೆ ತಳ್ಳಿದ ಎಣ್ಣೆಗೆ ದಾರಿಯಲ್ಲಿ ಅಡ್ಡಿ ಇದ್ದರೆ ಮಾತ್ರ ಒತ್ತಡ ಹುಟ್ಟುತ್ತದೆ. ಕಾಫಿಗೆ ಹೂಮಳೆ ಕೊಡಲು ಜೆಟ್ ಹಾಕುವವರಿಗೆ ಇದು ಹೊಸತಲ್ಲ. ನಾಲ್ಕು ಜೆಟ್ಟಿನ ಲೈನಿಗೆ ಎಂಟು ಜೋಡಿಸಿದರೆ, ಇಲ್ಲವೇ ನಾಜಲ್ ಸವೆದು ತೂತು ದೊಡ್ಡದಾದರೆ, ಪಂಪ್‌ಸೆಟ್ ಅದೇ ಇದ್ದರೂ ನೀರು ಚಿಮ್ಮುವುದಿಲ್ಲ. ಎಂಜಿನ್ನಿನಲ್ಲಿ ಆ ತೂತುಗಳೆಂದರೆ ಕ್ರ್ಯಾಂಕಿನ ಬೇರಿಂಗುಗಳ ಸಂದು. ಕಾರು-ಜೀಪುಗಳಲ್ಲಿ ಅದು ಮಿಲಿಮೀಟರಿನ ನೂರರಲ್ಲಿ ಐದಾರು ಭಾಗದಷ್ಟು. ಕ್ರ್ಯಾಂಕು ತಿರುಗುವುದು ಅಲ್ಲಿನ ಎಣ್ಣೆಯ ಪದರದ ಮೇಲೆ. ಬೇರಿಂಗ್ ಸವೆದರೆ ಸಂದು ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ.

ಬೆಳಗಿನ ಚಳಿಯಲ್ಲಿ ಎಣ್ಣೆ ಮಂದವಾಗಿದ್ದು ಒತ್ತಡ ಏರುತ್ತದೆ. ಮಿತಿ ಮೀರಿದರೆ ಸ್ಪ್ರಿಂಗಿನ ವಾಲ್ವೊಂದು ತೆರೆದು ಹೆಚ್ಚಿನದನ್ನು ಹಿಂದಕ್ಕೆ ಬಿಡುತ್ತದೆ. ಬಿಸಿಯಾದಂತೆ ಎಣ್ಣೆ ತೆಳುವಾಗುತ್ತದೆ. ಪಂಪು ತಿರುಗುವುದೂ ಎಂಜಿನ್ನಿನ ವೇಗದಿಂದಲೇ. ಆದ್ದರಿಂದ ಕಾದ ಎಂಜಿನ್ ಸ್ಲೋ ಇದ್ದಾಗ ಒತ್ತಡ ತೀರ ಕಡಿಮೆ. ನಿಮಿಷಕ್ಕೆ 1000 ಸುತ್ತಿಗೆ ಚದರ ಇಂಚಿಗೆ ಸುಮಾರು 10 ಪೌಂಡು ಎಂಬುದು ಮೆಕ್ಯಾನಿಕ್ಕರ ಹಳೆಯ ಲೆಕ್ಕ. ಗಾಡಿಯ ಪುಸ್ತಕದ ಮಾತೇ ಕೊನೆಯದು.

ಸಮತಟ್ಟಾದ ಜಾಗ ನೋಡಿ ಜೀಪು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕಡ್ಡಿ ತೆಗೆದು ನೋಡಿದೆ. ಎಣ್ಣೆ ಮೇಲಿನ ಗೆರೆಯನ್ನೂ ದಾಟಿತ್ತು! ನಾವು ಸುರಿದದ್ದಲ್ಲ. ಮೂಸಿದರೆ ಡೀಸೆಲ್ ವಾಸನೆ. ಫೀಡ್ ಪಂಪಿನ ಸೀಲು ಹೋಗಿ ಡೀಸೆಲ್ಲು ಚೇಂಬರಿಗೆ ಇಳಿದಿತ್ತು. ಇನ್ನೊಂದು ಲೀಟರ್ ಸುರಿದಿದ್ದರೆ ಕ್ರ್ಯಾಂಕು ಕಡೆದು ನೊರೆ ಎಬ್ಬಿಸಿ, ಪಂಪು ಗಾಳಿ ಎಳೆಯುವಂತಾಗುತ್ತಿತ್ತು. ಜೀಪನ್ನು ರಾಣೆಬೆನ್ನೂರಿಗೆ ಎಳೆಸಿ, ಸೀಲು ಮತ್ತು ಎಣ್ಣೆ ಬದಲಿಸಿದೆವು. ಮನೆಯವರು ಬಸ್ಸು ಹತ್ತಬೇಕಾಯಿತು; ಆ ಮಾತು ಈಗಲೂ ಕೇಳುತ್ತಿದ್ದೇನೆ.

2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಡೀಸೆಲ್ ಗಾಡಿಗಳವರೂ ಕಡ್ಡಿ ನೋಡುತ್ತಿರಬೇಕು. ತೋಟದಿಂದ ಪೇಟೆಗೆ ಬರೇ ಎರಡು ಮೈಲಿ ಓಡಿಸಿ ನಿಲ್ಲಿಸುತ್ತಿದ್ದರೆ, ಹೊಗೆಯ ಫಿಲ್ಟರು ಮಸಿ ಸುಡುವ ಕೆಲಸ ಅರ್ಧಕ್ಕೆ ನಿಂತು ಡೀಸೆಲ್ಲು ಎಣ್ಣೆಗೆ ಸೇರುವುದುಂಟು. ಎಣ್ಣೆ ಹಾಲು ಬೆರೆತ ಕಾಫಿಯಂತಿದ್ದರೆ ರೇಡಿಯೇಟರಿನ ನೀರು ಒಳಗಿಳಿದಿರಬಹುದು. ಮಟ್ಟ ಕಡಿಮೆಯಿದ್ದರೆ ಘಾಟಿಯ ಏರು-ತಿರುವುಗಳಲ್ಲಿ ಪಂಪಿನ ಜಾಲರಿಗೆ ಎಣ್ಣೆ ಸಿಗದು.

ದಪ್ಪ ಎಣ್ಣೆಯಿಂದ ದೀಪ ಆರೀತು, ಸವೆತ ನಿಲ್ಲದು. ಚಳಿಯಲ್ಲಿ ಅದು ಬೇರಿಂಗಿಗೆ ತಡವಾಗಿ ತಲುಪುತ್ತದೆ ಬೇರೆ.

ಓಡುವಾಗಲೇ ದೀಪ ಹತ್ತಿದರೆ ಮಾತ್ರ ಮುಂದಿನ ಊರಿನ ತನಕ ಎನ್ನಬೇಡಿ. ಪಕ್ಕಕ್ಕೆ ಹಾಕಿ ಆಗಲೇ ಎಂಜಿನ್ ಆರಿಸಿ. ಕಡ್ಡಿಯಲ್ಲಿ ಎಲ್ಲ ಸರಿಯಿದ್ದರೆ ದೀಪದ ಸ್ವಿಚ್ಚೇ ಕೆಟ್ಟಿರಲೂಬಹುದು. ಎಂಜಿನ್ ಬಿಚ್ಚಲು ಒಪ್ಪುವ ಮುಂಚೆ ಆ ಸ್ವಿಚ್ಚಿನ ಜಾಗಕ್ಕೆ ಬೇರೆ ಮೀಟರ್ ತಿರುಗಿಸಿ ಒತ್ತಡ ತೋರಿಸುವಂತೆ ಮೆಕ್ಯಾನಿಕ್ಕಿಗೆ ಹೇಳಿ.