ಬ್ಯಾರಿ ಮಕ್ಕಳಿಗೆ ವ್ಯಾಪಾರ ಕಲಿಯಲು ಕಾಲೇಜು ಬೇಕಾ?

ತುಳುವಿನಲ್ಲಿ ‘ಬ್ಯಾರ’ ಅಂದರೆ ವ್ಯಾಪಾರ. ಬ್ಯಾರಿ ಎಂಬ ಹೆಸರು ಬಂದದ್ದೇ ಆ ಶಬ್ದದಿಂದ ಎಂಬ ಮಾತು ಹಳೆಯದು. ಹಾಗಾಗಿ ಮಗನೋ ಮಗಳೋ ಪ್ಲಸ್ ಟು ಮುಗಿಸಿ ಬಿಬಿಎ ಸೇರುತ್ತೇನೆ ಎಂದರೆ ಮನೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಉಪ್ಪನ ಅಂಗಡಿಯಲ್ಲಿ ಒಂದು ವರ್ಷ ಕೂತರೆ ಸಿಗುವ ವಿದ್ಯೆಗೆ ಮೂರು ವರ್ಷ ಫೀಸು ಕಟ್ಟುವುದು ಯಾಕೆ?

ಪ್ರಶ್ನೆ ತಪ್ಪೇನಲ್ಲ. ಗಿರಾಕಿಯ ಮುಖ ನೋಡಿ ಮಾತಾಡುವುದು, ಪೆರ್ನಾಲ್‌ಗೆ ಎಷ್ಟು ದಿನ ಮೊದಲು ಸರಕು ತರಿಸಬೇಕೆಂದು ಅಂದಾಜು ಮಾಡುವುದು, ಸಗಟು ವ್ಯಾಪಾರಿಯ ಹತ್ತಿರ ಚೌಕಾಸಿ ಮಾಡುವುದು, ಇದನ್ನೆಲ್ಲ ಯಾವ ಪ್ರೊಫೆಸರೂ ಅಂಗಡಿಯಷ್ಟು ಚೆನ್ನಾಗಿ ಕಲಿಸುವುದಿಲ್ಲ. ಆದರೆ ಗಲ್ಫ್‌ನಿಂದ ಬಂದವರು ದುಡಿದ ಹಣ ಹಾಕಿ ತೆರೆದ ಅಂಗಡಿ ವರ್ಷದೊಳಗೆ ಶಟರ್ ಎಳೆಯುವುದು ಚೌಕಾಸಿ ಬಾರದ್ದರಿಂದ ಅಲ್ಲ. ಅಲ್ಲಿ ಕೈಕೊಡುವುದು ಹೆಚ್ಚಾಗಿ ಲೆಕ್ಕ ಮತ್ತು ಕಾಗದ. ಕಾಲೇಜಿನಲ್ಲಿ ಸಿಗುವುದು ಅವೆರಡೇ.

ಒಂದು ಲೆಕ್ಕ ಮಾಡಿ ನೋಡೋಣ. ಉಪ್ಪಳದಲ್ಲಿ ಒಂದು ರೆಡಿಮೇಡ್ ಬಟ್ಟೆ ಅಂಗಡಿ ಇದೆ ಎಂದು ಇಟ್ಟುಕೊಳ್ಳಿ. ತಿಂಗಳಿಗೆ ಬಾಡಿಗೆ 25,000, ಇಬ್ಬರು ಹುಡುಗರ ಸಂಬಳ 30,000, ಕರೆಂಟು ಇತ್ಯಾದಿ 5,000. ಒಟ್ಟು 60,000 ರೂಪಾಯಿ. ಮಾರಿದರೂ ಮಾರದಿದ್ದರೂ ಇದು ಹೋಗುವ ಖರ್ಚು. 100 ರೂಪಾಯಿಯ ಬಟ್ಟೆ ಮಾರಿದರೆ 20 ರೂಪಾಯಿ ಉಳಿಯುತ್ತದೆ ಎಂದಾದರೆ, ನಷ್ಟವಿಲ್ಲದೆ ಬಾಗಿಲು ತೆರೆದಿಡಲು ತಿಂಗಳಿಗೆ 3 ಲಕ್ಷದ ಮಾರಾಟ ಆಗಲೇಬೇಕು. ಪಠ್ಯದಲ್ಲಿ ಇದಕ್ಕೆ ‘ಬ್ರೇಕ್ ಈವನ್’ ಅನ್ನುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಈ ಶಬ್ದಕ್ಕೆ ಹೆದರುವುದುಂಟು, ಆದರೆ ಅದರ ಒಳಗಿರುವುದು ಏಳನೇ ಕ್ಲಾಸಿನ ಭಾಗಾಕಾರ.

ಈ ಲೆಕ್ಕದಲ್ಲಿ ಮಾಲಕನ ಸಂಬಳ ಇಲ್ಲ. ಊರಿನ ಅಂಗಡಿಗಳಲ್ಲಿ ಅದನ್ನು ಬರೆಯುವವರೂ ಕಡಿಮೆ. ಮನೆಗೆ ಮೀನು, ಮಕ್ಕಳ ಫೀಸು, ಮದುವೆಯ ಉಡುಗೊರೆ ಎಲ್ಲವೂ ಗಲ್ಲಾಪೆಟ್ಟಿಗೆಯಿಂದಲೇ ಹೋಗುತ್ತದೆ. ಮಾಲಕನಿಗೆ ತಿಂಗಳಿಗೆ 20,000 ಎಂದು ಬರೆದರೆ ಖರ್ಚು 80,000ಕ್ಕೆ ಏರುತ್ತದೆ, ಬೇಕಾದ ಮಾರಾಟ 4 ಲಕ್ಷಕ್ಕೆ ಹೋಗುತ್ತದೆ. ಇನ್ನು ಪಕ್ಕದ ಅಂಗಡಿಯವನನ್ನು ನೋಡಿ ಎಲ್ಲದಕ್ಕೂ 5 ಶೇಕಡಾ ರಿಯಾಯಿತಿ ಕೊಟ್ಟರೆ? 95ಕ್ಕೆ ಮಾರಿದ ಬಟ್ಟೆಯಲ್ಲಿ ಉಳಿಯುವುದು 15 ರೂಪಾಯಿ. ಆಗ ಸುಮಾರು 5 ಲಕ್ಷ 7 ಸಾವಿರದ ಮಾರಾಟ ಬೇಕು. ಬರೀ ಐದು ರೂಪಾಯಿ ಅಲ್ವ ಎಂದು ಬಿಟ್ಟದ್ದಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ವ್ಯಾಪಾರ ಜಾಸ್ತಿ ಆಗಬೇಕಾಯಿತು. ಅಂಗಡಿ ತೆರೆಯುವ ಮೊದಲೇ ಇದನ್ನು ಕಾಗದದ ಮೇಲೆ ಹಾಕಿ ನೋಡುವ ಅಭ್ಯಾಸ ಬಂದರೆ ಇಂಟೀರಿಯರ್‌ಗೆ ಲಕ್ಷಗಟ್ಟಲೆ ಸುರಿಯುವ ಮುಂಚೆ ಕೈ ತಡೆಯುತ್ತದೆ.

ಉದ್ರಿಯ ಪುಸ್ತಕವೂ ಹೀಗೆಯೇ. ವರ್ಷದ ಕೊನೆಗೆ ಲೆಕ್ಕದಲ್ಲಿ ಲಾಭ ಇರುತ್ತದೆ, ಕೈಯಲ್ಲಿ ಮಾತ್ರ ದುಡ್ಡು ಇರುವುದಿಲ್ಲ. ಅದು ಕಪಾಟಿನಲ್ಲಿ ಸರಕಾಗಿ, ಪುಸ್ತಕದಲ್ಲಿ ಬಾಕಿಯಾಗಿ ಕೂತಿರುತ್ತದೆ. ಲಾಭ ಬೇರೆ, ನಗದು ಬೇರೆ ಎಂಬ ಪಾಠಕ್ಕೆ ಬಿಕಾಂ, ಬಿಬಿಎ ತರಗತಿಗಳಲ್ಲಿ ಹಲವು ವಾರ ಕೊಡುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ವ್ಯಾಪಾರ ಕಾನೂನಿನ ಪತ್ರಿಕೆಗೆ. ಬಡ್ಡಿಯ ಸಾಲ ಬೇಡ ಎನ್ನುವ ಕುಟುಂಬಗಳಲ್ಲಿ ಬಂಡವಾಳ ಬರುವುದು ಪಾಲಿನಿಂದ. ದುಬೈಯಲ್ಲಿರುವ ಅಣ್ಣ 5 ಲಕ್ಷ ಹಾಕುತ್ತಾನೆ, ಗೆಳೆಯ 3 ಲಕ್ಷ, ಊರಲ್ಲಿರುವವನು 1 ಲಕ್ಷದ ಜೊತೆ ತನ್ನ ದುಡಿಮೆ. ನಂಬಿಕೆಯ ಮೇಲೆ ನಡೆಯುವ ವ್ಯವಹಾರ, ಬರಹ ಯಾಕೆ ಎಂಬ ಸಂಕೋಚ. ಆದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಹೇಳುವುದು ಏನು ಗೊತ್ತುಂಟಾ? ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ, ನಷ್ಟ ಎರಡೂ ಸಮಪಾಲು. 5 ಲಕ್ಷ ಹಾಕಿದವನಿಗೂ 1 ಲಕ್ಷ ಹಾಕಿದವನಿಗೂ ಒಂದೇ ಪಾಲು. ಬೆಳಗಿನಿಂದ ರಾತ್ರಿಯವರೆಗೆ ಕೌಂಟರಿನಲ್ಲಿ ನಿಂತವನಿಗೆ ಸಂಬಳ ಕೇಳುವ ಹಕ್ಕೂ ಇಲ್ಲ. ಸಂಸ್ಥೆಯ ಸಾಲ ತೀರದಿದ್ದರೆ ದುಬೈಯಲ್ಲಿರುವವನ ಸ್ವಂತ ಆಸ್ತಿಯೂ ಹೊಣೆಗೆ ಬರುತ್ತದೆ, ‘ನಾನು 5 ಲಕ್ಷ ಮಾತ್ರ ಹಾಕಿದ್ದೆ’ ಎಂದರೆ ನಡೆಯುವುದಿಲ್ಲ.

ನೋಂದಣಿ ಮಾಡಿಸದಿದ್ದರೆ ಬಾಕಿ ಉಳಿಸಿಕೊಂಡ ಗಿರಾಕಿಯ ಮೇಲೆ ಸಂಸ್ಥೆ ದಾವೆ ಹೂಡಲು ಆಗುವುದಿಲ್ಲ. ಪಾಲುದಾರರ ನಡುವೆ ಜಗಳ ಬಂದರೂ ಪಾಲುದಾರಿಕೆ ಮುರಿದು ಲೆಕ್ಕ ಕೇಳುವುದು ಬಿಟ್ಟರೆ ಕೋರ್ಟಿನ ಬಾಗಿಲು ಬಹುತೇಕ ಮುಚ್ಚಿದಂತೆಯೇ. ಹಣ ಹಾಕಿದಷ್ಟಕ್ಕೇ ಹೊಣೆ ನಿಲ್ಲಬೇಕು ಎನ್ನುವವರಿಗೆ 2008ರ ಕಾಯ್ದೆಯಡಿ ಎಲ್‌ಎಲ್‌ಪಿ ಎಂಬ ಇನ್ನೊಂದು ದಾರಿ ಉಂಟು. ಒಂದು ಅಂಗಡಿ ಮುಚ್ಚಿದ್ದರಿಂದ ಎರಡು ಮನೆಗಳ ನಡುವೆ ಮಾತೇ ನಿಂತುಹೋಗುವುದು ಊರಿಗೆ ಹೊಸದಲ್ಲ. ನಾಲ್ಕು ಪುಟದ ಒಪ್ಪಂದ ಪತ್ರ ಬರೆಯಬಲ್ಲ ಮಗಳೊಬ್ಬಳು ಮನೆಯಲ್ಲಿದ್ದರೆ ಅದೇ ದೊಡ್ಡ ಲಾಭ.

ಗಡಿಯಲ್ಲಿ ವ್ಯಾಪಾರ ಮಾಡುವವರಿಗೆ ತೆರಿಗೆಯ ಪಾಠ ಬೇರೆಯವರಿಗಿಂತ ಹೆಚ್ಚು ಬೇಕು. ಸರಕು ಮಾರುವವರಿಗೆ ಕೇರಳದಲ್ಲೂ ಕರ್ನಾಟಕದಲ್ಲೂ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಮೇಲೆ ಹೇಳಿದ ಅಂಗಡಿ ತಿಂಗಳಿಗೆ 4 ಲಕ್ಷ ಮಾರಿದರೆ ವರ್ಷಕ್ಕೆ 48 ಲಕ್ಷ, ಅಂದರೆ ಅದು ಒಳಗೆ ಬಂತು. ಆದರೆ ತಲಪಾಡಿ ದಾಟಿಸಿ ಸರಕು ಕಳಿಸಿದರೆ ಈ 40 ಲಕ್ಷದ ಮಾತೇ ಬರುವುದಿಲ್ಲ. ಮಂಜೇಶ್ವರದ ಮನೆಯಲ್ಲಿ ತಿಂಡಿ ಮಾಡಿ ಇನ್‌ಸ್ಟಾಗ್ರಾಂ ಮೂಲಕ ಮಂಗಳೂರಿಗೆ ಕಳಿಸುವ ಹೆಣ್ಮಗಳ ವ್ಯಾಪಾರ ಎಷ್ಟೇ ಸಣ್ಣದಿರಲಿ, ತೆರಿಗೆ ಬೀಳುವ ಸರಕಾದರೆ ಅದು ಅಂತರರಾಜ್ಯ ಪೂರೈಕೆ, ನೋಂದಣಿ ಬೇಕು. ಕರಕುಶಲ ವಸ್ತುಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ. 1.5 ಕೋಟಿವರೆಗಿನ ವ್ಯಾಪಾರಿಗಳು ಶೇಕಡಾ 1 ಕಟ್ಟಿ ಮುಗಿಸುವ ಕಾಂಪೊಸಿಷನ್ ಯೋಜನೆಯಲ್ಲಿದ್ದವರು ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಮಂಗಳೂರು ಪಕ್ಕದಲ್ಲೇ ಇದೆ, ಕಾನೂನಿಗೆ ಮಾತ್ರ ಅದು ಬೇರೆ ರಾಜ್ಯ ಮಾರಾಯ್ರೆ.

ಇನ್ನು ಎಲ್ಲಿ ಕಲಿಯುವುದು? ಕಾಸರಗೋಡು ಜಿಲ್ಲೆಯ ಕಾಲೇಜುಗಳು ಕಣ್ಣೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿವೆ, ಗಡಿ ದಾಟಿದರೆ ಮಂಗಳೂರು ವಿಶ್ವವಿದ್ಯಾನಿಲಯ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಶುರುವಾಗಿದೆ, ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಲೂ ಆಗುತ್ತದೆ. ಇದರಲ್ಲಿ ಮುಖ್ಯ ವಿಷಯದ ಜೊತೆ ಬೇರೆ ವಿಭಾಗದ ಪತ್ರಿಕೆಗಳನ್ನೂ ಆರಿಸಬಹುದು. ವಿಜ್ಞಾನವೋ ಕನ್ನಡವೋ ಓದುವವರು ತಮ್ಮ ಕಾಲೇಜು ಕೊಡುವ ಪಟ್ಟಿಯಲ್ಲಿ ವಾಣಿಜ್ಯದ ಪತ್ರಿಕೆ ಇದೆಯಾ ಎಂದು ಮೊದಲ ವಾರವೇ ವಿಚಾರಿಸುವುದು ಒಳ್ಳೆಯದು. ಕೇರಳ ಸ್ಟಾರ್ಟಪ್ ಮಿಷನ್‌ನ ಐಇಡಿಸಿ ಘಟಕ ಹಲವು ಕಾಲೇಜುಗಳಲ್ಲಿದೆ. ಇದ್ದರೆ ಅದಕ್ಕೆ ಸೇರಿ.

ಸೇರುವ ಮೊದಲು ಕಟ್ಟಡ ನೋಡುವ ಬದಲು ಅಲ್ಲಿ ಓದುತ್ತಿರುವವರನ್ನು ಕೇಳಿ: ಪ್ರಾಜೆಕ್ಟ್ ವರದಿಯನ್ನು ನಿಜವಾದ ಅಂಗಡಿಗೆ ಹೋಗಿ ಬರೆಸುತ್ತಾರಾ, ಅಥವಾ ಹಿಂದಿನ ವರ್ಷದ್ದನ್ನು ಪ್ರಿಂಟ್ ತೆಗೆದು ಕೊಟ್ಟರೂ ನಡೆಯುತ್ತದಾ? ಎರಡನೆಯದಾದರೆ ಸರ್ಟಿಫಿಕೇಟು ಮಾತ್ರ ಸಿಗುತ್ತದೆ. ಬ್ಯಾಂಕ್ ಸಾಲ ಮತ್ತು ಸರಕಾರದ ಸಹಾಯಧನ ಕೂಡಿದ ಪಿಎಂಇಜಿಪಿಯಂಥ ಯೋಜನೆಗಳಿಗೆ ಅರ್ಜಿ ಹಾಕುವಾಗಲೂ ಕೇಳುವುದು ಇದೇ ವರದಿಯನ್ನು. ಆ ಯೋಜನೆಯ ನಿಯಮದಲ್ಲಿ ಅಲ್ಪಸಂಖ್ಯಾತರಿಗೆ ಸ್ವಂತ ಪಾಲು ಶೇಕಡಾ 5, ಹಳ್ಳಿಯಲ್ಲಾದರೆ ಸಹಾಯಧನ ಶೇಕಡಾ 35.

ಅಂಗಡಿ ಬಿಟ್ಟು ಬರಲು ಆಗದವರಿಗೆ ಇಗ್ನೋ ದೂರಶಿಕ್ಷಣದಲ್ಲಿ ಬಿಕಾಂ ಉಂಟು. ಪದವಿಯೇ ಬೇಡ, ಕೆಲಸ ಕಲಿತು ಸ್ವಂತ ಕಾಲ ಮೇಲೆ ನಿಂತರೆ ಸಾಕು ಎನ್ನುವವರಿಗೆ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಉಚಿತ ತರಬೇತಿ ಇದೆ. ಅದೇ ಮಾದರಿಯ ಆರ್‌ಸೆಟಿ ಕೇಂದ್ರಗಳು ಈಗ ದೇಶದ ಹೆಚ್ಚಿನ ಜಿಲ್ಲೆಗಳಲ್ಲಿವೆ. ಊಟ, ವಸತಿಗೆ ಅಲ್ಲಿ ಹಣ ಕೊಡಬೇಕಾಗಿಲ್ಲ.