ಎಲೆ ಕೆಂಪಾಗುವ ಕಾಲಕ್ಕೊಂದು ನಿಧಾನದ ದಾರಿ

ಅಕ್ಟೋಬರ್ ಬಂತೆಂದರೆ ಅಮೆರಿಕದ ಪೂರ್ವ ರಾಜ್ಯಗಳಲ್ಲಿ ಜನರ ಮಾತು ಎಲೆಗಳತ್ತ ತಿರುಗುತ್ತದೆ. ಯಾವ ಬೆಟ್ಟದಲ್ಲಿ ಎಷ್ಟು ಬಣ್ಣ ಏರಿದೆ ಎಂಬುದು ಅಲ್ಲಿ ಮಳೆ-ಬಿಸಿಲಿನ ವರದಿಯಷ್ಟೇ ಮುಖ್ಯವಾದ ಸುದ್ದಿ. ಮಕ್ಕಳ ಮನೆಗೆಂದು ಹೋದ ನಮ್ಮ ಕಡೆಯ ತಂದೆತಾಯಿಗಳೂ ಆ ದಿನಗಳಲ್ಲಿ ಅಲ್ಲಿದ್ದರೆ ಈ ಬಣ್ಣ ನೋಡಲು ಹೊರಡುವುದುಂಟು. ಅನೇಕರು ಇದಕ್ಕಾಗಿ ಆರ್.ವಿ.ಯನ್ನು ಬಾಡಿಗೆಗೆ ಪಡೆಯುತ್ತಾರೆ. ಹಾಸಿಗೆ, ಒಲೆ, ಶೌಚಾಲಯಗಳೆಲ್ಲ ಒಳಗೇ ಇರುವ, ಚಕ್ರದ ಮೇಲಿನ ಪುಟ್ಟ ಮನೆ ಅದು. ಅಂಥ ಪ್ರಯಾಣಕ್ಕೆ ಹೆಸರಾದ ದಾರಿ ಬ್ಲೂ ರಿಡ್ಜ್ ಪಾರ್ಕ್‌ವೇ.

ವರ್ಜೀನಿಯಾದ ಶೆನಾಂಡೋವಾ ರಾಷ್ಟ್ರೀಯ ಉದ್ಯಾನದಿಂದ ಉತ್ತರ ಕೆರೊಲಿನಾದ ಗ್ರೇಟ್ ಸ್ಮೋಕಿ ಬೆಟ್ಟಗಳವರೆಗೆ 469 ಮೈಲಿ, ಅಂದರೆ ಸುಮಾರು 755 ಕಿಲೋಮೀಟರ್ ಉದ್ದದ ರಸ್ತೆ ಇದು. ಇಲ್ಲಿ ಲಾರಿಗಳಿಗೆ ಪ್ರವೇಶವಿಲ್ಲ, ಜಾಹೀರಾತಿನ ಫಲಕಗಳಿಲ್ಲ, ಸುಂಕವೂ ಇಲ್ಲ. ವೇಗದ ಮಿತಿ ಹೆಚ್ಚೆಂದರೆ ಗಂಟೆಗೆ 45 ಮೈಲಿ. ಊರಿನಿಂದ ಊರಿಗೆ ಬೇಗ ತಲುಪಿಸಲು ಮಾಡಿದ ರಸ್ತೆಯೇ ಇದಲ್ಲ. ಬೇಗ ತಲುಪದಿರಲಿ ಎಂದೇ ಮಾಡಿದ್ದು. ಪ್ರಯಾಣದ ಯೋಜನೆ ಹಾಕುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಯಾವಾಗ ಹೋಗಬೇಕು? ಉತ್ತರ ಎಲೆಯೊಳಗೇ ಇದೆ. ಹಗಲು ಕುಗ್ಗಿ ರಾತ್ರಿ ತಣ್ಣಗಾಗುತ್ತಿದ್ದಂತೆ ಮರ ಎಲೆಯಲ್ಲಿನ ಹಸಿರು ದ್ರವ್ಯವನ್ನು ಹೊಸದಾಗಿ ತಯಾರಿಸುವುದನ್ನು ನಿಲ್ಲಿಸುತ್ತದೆ. ಆಗ ಅದುವರೆಗೆ ಹಸಿರಿನ ಮರೆಯಲ್ಲಿದ್ದ ಹಳದಿ ಹೊರಬೀಳುತ್ತದೆ. ಕೆಂಪಿನ ಕಥೆಯೇ ಬೇರೆ. ಅದು ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆ ಋತುವಿನಲ್ಲೇ ಹೊಸದಾಗಿ ಹುಟ್ಟುವ ಬಣ್ಣ. ಬಿಸಿಲಿನ ಹಗಲು, ಹೆಪ್ಪುಗಟ್ಟದಷ್ಟು ತಂಪಿನ ರಾತ್ರಿ ಒದಗಿದರೆ ಅದು ಗಾಢವಾಗುತ್ತದೆ.

ಚಳಿ ಮೊದಲು ತಟ್ಟುವುದು ಎತ್ತರದ ಜಾಗಗಳನ್ನು. ಈ ದಾರಿ ಜೇಮ್ಸ್ ನದಿಯ ಬಳಿ ಕೇವಲ 649 ಅಡಿಗೆ ಇಳಿಯುತ್ತದೆ, ರಿಚ್‌ಲ್ಯಾಂಡ್ ಬಾಲ್ಸಮ್ ಬಳಿ 6,053 ಅಡಿಗೆ ಏರುತ್ತದೆ. ಹೀಗಾಗಿ ಸಾಮಾನ್ಯವಾಗಿ ಅಕ್ಟೋಬರ್ ಮೊದಲ ದಿನಗಳಲ್ಲಿ ದಕ್ಷಿಣದ ಶಿಖರಗಳಲ್ಲಿ ತೊಡಗುವ ಬಣ್ಣ ತಿಂಗಳ ಕೊನೆಗೆ ಕಣಿವೆಗಳಿಗೆ ಇಳಿಯುತ್ತದೆ. ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆ ಸಿಕ್ಕೀತು. ಒಂದೇ ದಿನಾಂಕವನ್ನು ನಂಬುವ ಬದಲು ಐದಾರು ದಿನ ಇಟ್ಟುಕೊಂಡು ಏರಿಳಿಯುವುದು ಜಾಣತನ.

ದಾರಿ ಹುಟ್ಟಿದ್ದು ಕಷ್ಟದ ಕಾಲದಲ್ಲಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದವರಿಗೆ ಕೆಲಸ ಕೊಡಲು ರೂಸ್‌ವೆಲ್ಟ್ ಸರ್ಕಾರ ಕೈಗೊಂಡ ಯೋಜನೆಗಳಲ್ಲಿ ಇದೂ ಒಂದು. ರಸ್ತೆ ತನ್ನ ಕಡೆ ಬರಲೆಂದು ಟೆನೆಸಿ, ಉತ್ತರ ಕೆರೊಲಿನಾ ರಾಜ್ಯಗಳು ಜಗಳವಾಡಿದವು. 1934ರಲ್ಲಿ ತೀರ್ಪು ಉತ್ತರ ಕೆರೊಲಿನಾದ ಪರವಾಯಿತು. 1935ರ ಸೆಪ್ಟೆಂಬರ್‌ನಲ್ಲಿ ಗುದ್ದಲಿ ಬಿತ್ತು. ಕೊನೆಯ ತುಂಡು ತೆರೆದದ್ದು 1987ರಲ್ಲಿ, ಅಂದರೆ 52 ವರ್ಷಗಳ ಮೇಲೆ. ಗ್ರ್ಯಾಂಡ್‌ಫಾದರ್ ಬೆಟ್ಟದ ಮೈ ಕಡಿಯಬಾರದೆಂದು ಅಲ್ಲಿ 1,243 ಅಡಿ ಉದ್ದದ ಲಿನ್ ಕೋವ್ ಸೇತುವೆಯನ್ನು 153 ಕಾಂಕ್ರೀಟ್ ತುಂಡುಗಳಿಂದ ಜೋಡಿಸಬೇಕಾಯಿತು.

ಬೆಟ್ಟವನ್ನು ಕಾಪಾಡಿದಷ್ಟು ಎಚ್ಚರದಿಂದ ಬೆಟ್ಟದ ಜನರನ್ನು ಕಾಪಾಡಿದರೇ ಎಂದು ಕೇಳಿದರೆ ಉತ್ತರ ಅಷ್ಟು ಸರಳವಲ್ಲ. ದಾರಿಗಾಗಿ ಅನೇಕ ರೈತರು ಜಮೀನು ಕಳೆದುಕೊಂಡರು. ದಕ್ಷಿಣ ತುದಿಯಲ್ಲಿ ಚೆರೋಕಿ ಜನರಿದ್ದರು. 1838ರಲ್ಲಿ ಅವರಲ್ಲಿ ಬಹುಪಾಲು ಮಂದಿಯನ್ನು ಪಶ್ಚಿಮಕ್ಕೆ ಬಲವಂತವಾಗಿ ಅಟ್ಟಲಾಗಿತ್ತು. ಉಳಿದವರ ಮಕ್ಕಳು ಇವರು. ತಮ್ಮ ಸೋಕೋ ಕಣಿವೆಯ ಒಳ್ಳೆಯ ಭೂಮಿಯನ್ನು ರಸ್ತೆ ನುಂಗುತ್ತದೆಂದು ಅವರು ವರ್ಷಗಟ್ಟಲೆ ವಿರೋಧಿಸಿದರು. ಕೊನೆಗೆ ಪಾರ್ಕ್‌ವೇ ಕಣಿವೆ ಬಿಟ್ಟು ಬೆಟ್ಟದ ನೆತ್ತಿಗೆ ಸರಿಯಿತು. ಕಣಿವೆಗೆ ಅವರಿಗೂ ಉಪಯೋಗವಾಗುವ ಸಾಮಾನ್ಯ ರಸ್ತೆ ಬಂತು. ಇಂದು ಆ ಭಾಗದಲ್ಲಿ ನಮಗೆ ಕಾಣುವ ಎತ್ತರದ ನೋಟ ಅವರ ಹಟದ ಫಲವೂ ಹೌದು.

ಇನ್ನೊಂದು ನಿದರ್ಶನ ವರ್ಜೀನಿಯಾದ ಮೇಬ್ರಿ ಗಿರಣಿ. ಕೊಳದಲ್ಲಿ ನೆರಳು ಬಿಟ್ಟ ಈ ನೀರಿನ ಗಿರಣಿಯ ಚಿತ್ರ ತೆಗೆಯದೆ ಮುಂದೆ ಹೋಗುವ ಪ್ರವಾಸಿಗರು ಕಡಿಮೆ. ಪಕ್ಕದಲ್ಲಿ ಮರದ ದಿಮ್ಮಿಗಳ ಹಳೆಯ ಮನೆಯೊಂದಿದೆ. ಗಿರಣಿಯವರು ಬಾಳಿದ್ದು ಅದರಲ್ಲೇ ಎಂದು ನೋಡಿದವರು ನಂಬುವುದು ಸಹಜ. ಆದರೆ ಅವರಿಗಿದ್ದದ್ದು ಎರಡು ಅಂತಸ್ತಿನ ಹಲಗೆ ಮನೆ. ಅದನ್ನು ಕೆಡವಿ, ಬೇರೆ ಕಡೆಯ ದಿಮ್ಮಿ ಮನೆಯನ್ನು ತಂದು ಇಲ್ಲಿ ನಿಲ್ಲಿಸಿದರು. ಗುಡ್ಡಗಾಡಿನವರು ಹೀಗೆ ಬಾಳಿರಬೇಕು ಎಂಬ ಪಟ್ಟಣದವರ ಕಲ್ಪನೆಗೆ ಹಲಗೆ ಮನೆ ಹೊಂದುತ್ತಿರಲಿಲ್ಲ. ಸಹಜವೆಂದು ತೋರುವ ನೋಟವನ್ನೂ ಯಾರೋ ಆರಿಸಿ ಜೋಡಿಸಿರುತ್ತಾರೆ.

ಇನ್ನು ವ್ಯವಹಾರದ ಮಾತು. ದಾರಿಯಲ್ಲಿ 26 ಸುರಂಗಗಳಿವೆ. ಅವು ಕಮಾನಿನಾಕಾರದವು, ನಡುವೆ ಎತ್ತರ, ಅಂಚಿನಲ್ಲಿ ತಗ್ಗು. ಆದ್ದರಿಂದ ಆರ್.ವಿ.ಯ ಎತ್ತರವನ್ನು ಚಾವಣಿಯ ಮೇಲಿನ ಯಂತ್ರವನ್ನೂ ಸೇರಿಸಿ ಅಳೆದು ಬರೆದಿಟ್ಟುಕೊಳ್ಳಬೇಕು. ಪಾರ್ಕ್‌ವೇಯಲ್ಲಿ ಪೆಟ್ರೋಲ್ ಸಿಗದು, ಪಕ್ಕದ ಊರಿಗೆ ಇಳಿಯಬೇಕು. ಉದ್ಯಾನ ಇಲಾಖೆಯ ಶಿಬಿರತಾಣಗಳಲ್ಲಿ ವಾಹನಕ್ಕೆ ವಿದ್ಯುತ್, ನೀರಿನ ಜೋಡಣೆ ಇರುವುದಿಲ್ಲ. ಅಕ್ಟೋಬರಿನ ನೂಕುನುಗ್ಗಲಿನಲ್ಲಿ ಜಾಗವನ್ನು ಮುಂಚೆಯೇ ಕಾದಿರಿಸಬೇಕು. ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚದೆ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಹಿಂದೆ ಸಾಲುಗಟ್ಟಿದವರಿಗೆ ನೋಟದ ತಂಗುದಾಣದಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡುವುದು ಸೌಜನ್ಯ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತದ ಮಳೆಗೆ ಇಲ್ಲಿ ಅನೇಕ ಕಡೆ ಬೆಟ್ಟ ಕುಸಿಯಿತು, ಮರಗಳು ಉರುಳಿದವು, ದಾರಿಯ ಕೆಲವು ಭಾಗಗಳು ಬಹುಕಾಲ ಮುಚ್ಚಿದ್ದವು. ಹೊರಡುವ ಮುನ್ನ ಯಾವ ಭಾಗ ತೆರೆದಿದೆ ಎಂದು ಇಲಾಖೆಯಿಂದ ತಿಳಿದುಕೊಳ್ಳುವುದು ಕಡ್ಡಾಯವೆಂದೇ ಭಾವಿಸಬೇಕು. ಅಲ್ಲಲ್ಲಿ ಬಳಸುದಾರಿ ಹಿಡಿಯಬೇಕಾದರೆ ಬೇಸರವೇನೂ ಬೇಡ. ಬೆಟ್ಟದ ಜನ ಇಂದು ಬದುಕುತ್ತಿರುವ ಊರುಗಳು ಆ ಬಳಸುದಾರಿಯಲ್ಲೇ ಇವೆ. ಪಾರ್ಕ್‌ವೇಯ ಮೇಲಿಂದ ಅವು ಕಾಣುವುದಿಲ್ಲ.